ಮಾನ್ವಿಯ ಫೋನಿನೊಳಗಿನ ಇನ್ನೊಂದು ದನಿ

ಮಾನ್ವಿಯ ಗೆಳೆಯ ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ಅವನ ಪಕ್ಕದಲ್ಲಿ ಇನ್ನಾರೋ ಕೂತಿರುತ್ತಾರೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಕಳೆದ ಬೇಸಿಗೆಯ ಒಂದು ಬೆಳಗ್ಗೆ. ಕಾಲೇಜಿನ ಮಾತು ಬಂದಿತ್ತು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಆ್ಯಸಿಡ್ ಸಿಡಿದು ಅವನ ಹೊಸ ಪ್ಯಾಂಟು ತೂತುಬಿದ್ದ ಕಥೆಯನ್ನು ಅವನು ನಮಗೆ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾನೆ. ಬಟ್ಟೆ ಅಂಗಡಿಯವರ ಮಗ. ಪ್ಯಾಂಟಿನ ಬಟ್ಟೆ ಯಾವುದು, ಹೊಲಿದವರು ಯಾರು, ತೂತು ಎಲ್ಲೆಲ್ಲಿ ಬಿದ್ದವು ಎಂದು ಬಿಡಿಸಿ ಹೇಳದೆ ಅವನ ಕಥೆ ಮುಗಿಯುತ್ತಿರಲಿಲ್ಲ. ಆವತ್ತು ಅವನು ಅದನ್ನು ಎರಡೇ ಮಾತಿನಲ್ಲಿ ಮುಗಿಸಿಬಿಟ್ಟ. ನಾನೇ ಕೆಣಕಿದೆ.

"ಪ್ಯಾಂಟು ಯಾವ ಬಣ್ಣದ್ದು ಅಂತ ಹೇಳಲೇ ಇಲ್ಲಲ್ಲೋ?"

ಅವನು ಸುಮ್ಮನಾದ. ಆ ಸುಮ್ಮನಿರುವಿಕೆಯ ಒಳಗೆ ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಗಂಡಸಿನ ದನಿ.

"ಬಿಸ್ಕೀಟ್ ಬಣ್ಣದ್ದು," ಎಂದ ಗೆಳೆಯ.

"ನಿನ್ನ ಬಾಜೂಕ ಯಾರದಾರ?"

"ಯಾರಿಲ್ಲ. ಟಿ.ವಿ. ಹಚ್ಚೀನಿ."

ಟಿ.ವಿ.ಗೆ ಅವನ ಪ್ಯಾಂಟಿನ ಬಣ್ಣ ಹೇಗೆ ಗೊತ್ತು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಫೋನು ಇಟ್ಟುಬಿಟ್ಟಿದ್ದ.

ನಾವು ಮೂವರು ರಾಯಚೂರಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಬಿ.ಎಸ್ಸಿ. ಮಾಡಿದವರು. ಒಬ್ಬ ಮಾನ್ವಿಯಿಂದ, ಒಬ್ಬ ದೇವದುರ್ಗದಿಂದ ಬಂದು ಹಾಸ್ಟೆಲ್ಲಿನಲ್ಲಿದ್ದರು. ನಾನು ಗಿಲ್ಲೆಸುಗೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಮೊದಲ ವಾರವೇ ಊರಿನ ಹೆಸರುಗಳು ನಮ್ಮ ಹೆಸರುಗಳಾದವು. ಅವನು ಮಾನ್ವಿ, ಇವನು ದುರ್ಗ, ನಾನು ಗಿಲ್ಲಿ. ಮುಂದೆ ಮಾನ್ವಿ ತನ್ನ ತಂದೆಯ ಬಟ್ಟೆ ಅಂಗಡಿ ಹಿಡಿದ. ದುರ್ಗ ಕೃಷಿ ಇಲಾಖೆ ಸೇರಿ ಊರೂರು ಸುತ್ತಿ, ನಿವೃತ್ತನಾಗಿ ಮತ್ತೆ ದೇವದುರ್ಗಕ್ಕೇ ಬಂದು ನೆಲೆಸಿದ. ನಾನು ರಾಯಚೂರಿನಲ್ಲಿ ಹೈಸ್ಕೂಲ್ ಮಾಸ್ತರನಾಗಿ, ರಾಯಚೂರಿನಲ್ಲೇ ಉಳಿದೆ. ಮದುವೆ, ಮಕ್ಕಳು, ವರ್ಗಾವಣೆಗಳ ನಡುವೆ ನಮ್ಮ ಭೇಟಿಗಳು ತೆಳುವಾಗಿದ್ದವು ನಿಜ. ನಿವೃತ್ತಿಯ ಮೇಲೆ ಮತ್ತೆ ಗಟ್ಟಿಯಾದವು. ತಿಂಗಳಿಗೊಂದು ಭಾನುವಾರ ಅವರಿಬ್ಬರೂ ರಾಯಚೂರಿಗೆ ಬರುತ್ತಿದ್ದರು. ಸ್ಟೇಷನ್ ಹತ್ತಿರದ ಹೋಟೆಲ್ಲಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು, ಮೇಲೆ ಚಹಾ ಕುಡಿದು, ಬಿಸಿಲು ಇಳಿಯುವತನಕ ಹರಟೆ ಹೊಡೆದು ಹೋಗುತ್ತಿದ್ದರು.

ನನ್ನ ಹೆಂಡತಿಗೆ ಮರೆವಿನ ಕಾಯಿಲೆ ಬಂದು ಹಾಸಿಗೆ ಹಿಡಿದ ವರ್ಷಗಳಲ್ಲಿ ಆ ಭಾನುವಾರಗಳು ಹೋಟೆಲ್ಲಿನಿಂದ ನಮ್ಮ ಮನೆಗೆ ಬಂದವು. ಅವಳು ಮಾನ್ವಿಯನ್ನು ಕಂಡು ತನ್ನ ಸತ್ತುಹೋದ ಅಣ್ಣನೆಂದು ತಿಳಿಯುತ್ತಿದ್ದಳು. ಅವನು ಅಣ್ಣನಾಗಿಯೇ ಮಾತಾಡುತ್ತಿದ್ದ. ಹತ್ತಿ ಬೆಳೆ ಹೇಗಿದೆ, ಎತ್ತು ಮಾರಿದೆಯಾ ಎಂದು ಅವಳು ಕೇಳಿದರೆ, ಎಂದೂ ಹೊಲಕ್ಕೆ ಕಾಲಿಡದ ಈ ಬಟ್ಟೆ ವ್ಯಾಪಾರಿ ಚೆಂದಾಗಿ ಉತ್ತರ ಕೊಡುತ್ತಿದ್ದ. ಅವಳು ತೀರಿಕೊಂಡ ದಿನ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

ಇಂಥವರ ಮೇಲೆ ಅನುಮಾನ ಹೇಗೆ ಬರುತ್ತದೆ ಎಂದು ಕೇಳಬಹುದು. ಒಂಟಿ ಮನೆಯಲ್ಲಿ ಮನಸ್ಸಿಗೆ ಬೇರೆ ಕೆಲಸವೇ ಇರುವುದಿಲ್ಲ. ಪಿಸುಮಾತು ಕೇಳಿದ ಮೇಲೆ ನಾನು ಹಿಂದಿನದನ್ನೆಲ್ಲ ಕೆದಕತೊಡಗಿದೆ. ಯುಗಾದಿಯಿಂದ ಈಚೆಗೆ ಭಾನುವಾರದ ಭೇಟಿ ನಿಂತಿತ್ತು. ಮಾನ್ವಿ ಬಿಸಿಲಿನ ನೆವ ಹೇಳಿದ್ದ. ದುರ್ಗ ಮೊಣಕಾಲು ತೋರಿಸಿದ್ದ. "ಬಸ್ಸಿನಾಗ ಕೂಡಾಕ ಆಗವಲ್ದೋ, ಮಳಿಗಾಲ ಬರ್ಲಿ," ಎಂದಿದ್ದ. ನಮ್ಮ ಮೂವರ ವಾಟ್ಸಾಪ್ ಗುಂಪಿನಲ್ಲಿ ಮಾನ್ವಿ ಮುಂಚೆ ಉದ್ದುದ್ದ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. "ಸಲಾಂ ಗಿಲ್ಲಿ ಸಾಹೇಬ್ರ, ನಾಷ್ಟಾ ಆತೋ ಇಲ್ಲೋ" ಎಂದು ಶುರುಮಾಡಿದರೆ ಅಂಗಡಿಗೆ ಬಂದ ಗಿರಾಕಿಯ ಮದುವೆ ಸುದ್ದಿಯವರೆಗೂ ಹೋಗುತ್ತಿತ್ತು. ಈಗ ಗುಲಾಬಿ ಹೂವಿನ ಚಿತ್ರ ಮಾತ್ರ ಬರುತ್ತಿತ್ತು. ನಿನ್ನೆ ಕಳಿಸಿದ್ದನ್ನೇ ಇವತ್ತೂ ಕಳಿಸುತ್ತಿದ್ದ. ನನ್ನನ್ನು ಸಾಗಹಾಕಲು ಅಷ್ಟು ಸಾಕೆಂದು ಕಂಡಿರಬೇಕು ಎಂದುಕೊಂಡೆ.

ಆ ಹೊತ್ತಿಗೇ ರಾಯಚೂರಿನ ಮಾರ್ಕೆಟ್ಟಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಸಿರವಾರದಲ್ಲಿ ಬಸ್ ನಿಲ್ದಾಣದ ಎದುರು ಕಿರಾಣಿ ಅಂಗಡಿ ಇಟ್ಟಿದ್ದಾನೆ. ಕಾಲು ಮುಟ್ಟಿ ನಮಸ್ಕಾರ ಮಾಡಿ, ಮಾತಿಗೆ ಮಾತು ಬಂದು ಹೇಳಿದ:

"ಸರ್ರ, ನಿಮ್ಮ ದೇವದುರ್ಗದ ದೋಸ್ತರು ವಾರಾ ವಾರಾ, ಮಂಗಳವಾರಕ್ಕೊಮ್ಮೆ, ನಮ್ಮ ಅಂಗಡಿ ಮುಂದನ ಇಳೀತಾರ್ರಿ. ಅಲ್ಲಿಂದ ಮಾನ್ವಿ ಬಸ್ಸು ಹತ್ತತಾರ. ಒಮ್ಮೊಮ್ಮೆ ನಮ್ಮಲ್ಲೇ ನೀರು ಕುಡೀತಾರ."

"ಮೊಣಕಾಲು ನೋವು ಅಂತಿದ್ದನಲ್ಲ?"

"ಮೊಣಕಾಲೇನ್ರಿ? ಬಸ್ಸು ತಪ್ಪತೈತಿ ಅಂದ್ರ ಓಡ್ತಾರ್ರಿ ಸರ್ರ!"

ಅವನು ನಗುತ್ತಿದ್ದ. ನಾನೂ ನಕ್ಕೆ. ಮನೆಗೆ ಬರುವಾಗ ಕೈಚೀಲದಲ್ಲಿ ಏನಿದೆ ಎಂಬುದೂ ನನ್ನ ಗಮನದಲ್ಲಿರಲಿಲ್ಲ.

ಮುಂದಿನ ಮಂಗಳವಾರ ಬೇಕೆಂದೇ ದುರ್ಗನಿಗೆ ಫೋನು ಹಚ್ಚಿದೆ.

"ಎಲ್ಲಿದ್ದೀಲೇ?"

"ಮನ್ಯಾಗ ಅದೀನಿ. ಯಾಕ?"

ಅವನ ಮಾತಿನ ಹಿಂದೆಯೇ ಒಬ್ಬ ಕಂಡಕ್ಟರು ಗಂಟಲು ಹರಿಯುವಂತೆ "ಮಾನ್ವಿ, ಮಾನ್ವಿ" ಎಂದು ಕೂಗಿದ. ದುರ್ಗ ಕೆಮ್ಮಿದ. ಕಂಡಕ್ಟರ್ ಮತ್ತೆ ಕೂಗಿದ. ದುರ್ಗ ಮತ್ತೆ ಕೆಮ್ಮಿದ.

"ಆಮ್ಯಾಗ ಮಾಡ್ತೀನಿ," ಎಂದು ಇಟ್ಟ.

ಇಬ್ಬರೂ ಸೇರಿ ನನ್ನಿಂದ ಏನು ಮುಚ್ಚಿಡುತ್ತಿದ್ದಾರೆ? ನನ್ನ ತಲೆಯಲ್ಲಿ ದಿನಕ್ಕೊಂದು ಕಾರಣ ಹುಟ್ಟುತ್ತಿತ್ತು. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ದೊಡ್ಡ ಸಮಾರಂಭ ನಡೆಯಲಿದೆ, ನನ್ನನ್ನು ಬಿಟ್ಟಿದ್ದಾರೆ. ಅಲ್ಲ, ಇಬ್ಬರೂ ಎಲ್ಲಿಗೋ ಯಾತ್ರೆ ಹೊರಟಿದ್ದಾರೆ, ಸೂತಕದ ಮುಖದ ಈ ಮುದುಕ ಜೊತೆಗೆ ಬೇಡ ಎಂದಿದ್ದಾರೆ. ಕೊನೆಗೆ ಒಂದು ಕಾರಣ ಗಟ್ಟಿಯಾಗಿ ಕೂತಿತು. ಹೆಂಡತಿ ಹೋದ ಮೇಲೆ ನಾನು ಬಾಯಿಬಿಟ್ಟರೆ ಅವಳದೇ ಮಾತು. ಅವರಿಗೆ ನಾನು ಸಾಕಾಗಿದ್ದೇನೆ. ಇಬ್ಬರೇ ಕೂತರೆ ನಗಬಹುದು. ಹಾಗೆಂದು ತೀರ್ಮಾನಿಸಿದ ಮೇಲೆ ಅವರು ಆಡಿದ ಹಳೆಯ ಒಳ್ಳೆಯ ಮಾತುಗಳಲ್ಲೂ ನನಗೆ ಬೇಸರದ ಎಳೆ ಕಾಣತೊಡಗಿತು.

ಮಳೆಗಾಲ ಶುರುವಾಗುವ ಮುಂಚೆ ಒಂದು ದಿನ ರಾಯಚೂರಿನ ತೀನ್ ಕಂದೀಲ್ ವೃತ್ತದ ಬಳಿ ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ರಸ್ತೆಯ ಆಚೆ ಬದಿಗೆ ಆಟೋ ಬಂದು ನಿಂತಿತು. ದುರ್ಗ ಇಳಿದ, ಹಿಂದೆಯೇ ಮಾನ್ವಿ. ಮಾನ್ವಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ದುರ್ಗ ಅವನ ಮಣಿಕಟ್ಟು ಹಿಡಿದಿದ್ದ. ರಸ್ತೆ ದಾಟಲು ಹಿಡಿದಿದ್ದಾನೆ ಎಂದುಕೊಂಡೆ. ದಾಟಿದ ಮೇಲೂ ಬಿಡಲಿಲ್ಲ. ನಮ್ಮ ಊರಿಗೆ ಬಂದು, ನನ್ನ ಮನೆಯಿಂದ ಕರೆದರೆ ಕೇಳುವಷ್ಟು ಹತ್ತಿರ ಬಂದು, ನನಗೆ ಒಂದು ಮಾತು ಹೇಳಿಲ್ಲ. ಕೂಗಲು ಬಾಯಿ ತೆರೆದವನು ಕೂಗಲಿಲ್ಲ. ಅಂಗಡಿಯ ಕಂಬದ ಮರೆಗೆ ಸರಿದು ದುರ್ಗನಿಗೆ ಫೋನು ಮಾಡಿದೆ. ಅವನು ಜೇಬಿನಿಂದ ಫೋನು ತೆಗೆದ, ನೋಡಿದ, ದನಿ ಅಡಗಿಸಿ ಮತ್ತೆ ಜೇಬಿಗೆ ಹಾಕಿಕೊಂಡ. ಹಾಕಿಕೊಳ್ಳುವ ಮುಂಚೆ ಸುತ್ತ ಒಮ್ಮೆ ನೋಡಿದ, ಕಳ್ಳನ ಹಾಗೆ. ಮಾನ್ವಿ ಮಾತ್ರ ಬೀದಿಯನ್ನೆಲ್ಲ ನೋಡುತ್ತ, ಯಾರಿಗೋ ಮುಗುಳ್ನಗುತ್ತ ನಡೆಯುತ್ತಿದ್ದ. ಇಬ್ಬರೂ ಆಸ್ಪತ್ರೆಗಳ ಗಲ್ಲಿಯ ಕಡೆ ತಿರುಗಿ ಕಣ್ಮರೆಯಾದರು.

ಆವತ್ತು ಸಂಜೆ ದುರ್ಗನೇ ಫೋನು ಮಾಡಿದ. "ಹೊಲದ ಕಡಿ ಹೋಗಿದ್ನೋ, ಫೋನು ಮನ್ಯಾಗ ಬಿಟ್ಟಿದ್ದೆ."

"ಹೌದೇನು?" ಎಂದೆ.

"ಹೂಂ. ಯಾಕ, ಏನರ ಕೆಲಸ ಇತ್ತೇನು?"

"ಏನಿಲ್ಲ," ಎಂದೆ. ಅವನು ಸುಳ್ಳು ಹೇಳಿದ್ದಕ್ಕಿಂತ ಅಷ್ಟು ಸಲೀಸಾಗಿ ಹೇಳಿದ್ದು ನನ್ನನ್ನು ಸುಟ್ಟಿತು.

ಮಂಗಳವಾರ ಬರುವುದನ್ನೇ ಕಾದು, ಯಾರಿಗೂ ಹೇಳದೆ ಮಾನ್ವಿಯ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಬಜಾರಿನ ಅಂಗಡಿಯಲ್ಲಿ ಗೆಳೆಯನ ಮಗ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮುಖದಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು.

"ಬರ್ರಿ ಚಾಚಾ, ಕೂಡ್ರಿ. ಅಬ್ಬಾ ಮಲಗ್ಯಾರ. ಚಾ ತರಸ್ತೀನಿ, ಕುಡೀರಿ. ಅವಸರ ಏನದ?"

ಚಹಾ ಹೇಳುವ ನೆವದಲ್ಲಿ ಅಂಗಡಿಯ ಮೂಲೆಗೆ ಹೋಗಿ, ನನಗೆ ಬೆನ್ನು ಮಾಡಿ, ಫೋನಿನಲ್ಲಿ ದಖನಿಯಲ್ಲಿ ಏನೋ ಹೇಳತೊಡಗಿದ. "ಗಿಲ್ಲಿ ಚಾಚಾ" ಎಂಬುದಷ್ಟು ತಿಳಿಯಿತು. ಮನೆಗೆ ಸುದ್ದಿ ಮುಟ್ಟಿಸುತ್ತಿದ್ದಾನೆ! ನಾನು ಮೆಟ್ಟಿಲಿಳಿದು ಅವರ ಮನೆಯ ಕಡೆ ದಡದಡ ನಡೆದೆ. ಅವನು ಹಿಂದಿನಿಂದ "ಚಾಚಾ, ಚಾಚಾ" ಎನ್ನುತ್ತಲೇ ಇದ್ದ.

ಬಾಗಿಲ ಹೊರಗೆ ದುರ್ಗನ ಚಪ್ಪಲಿ ಇದ್ದವು. ಬಾಗಿಲು ತೆರೆದ ಭಾಬಿ, ಮಾನ್ವಿಯ ಹೆಂಡತಿ, ಸೆರಗು ಸರಿಮಾಡಿಕೊಂಡು ಹೊಸ್ತಿಲಲ್ಲೇ ನಿಂತಳು. ಎಂದೂ ಹಾಗೆ ನಿಂತವಳಲ್ಲ.

"ಭಾಯಿ, ನೀವು ಬರ್ತೀರಂತ ಗೊತ್ತಿರಲಿಲ್ರಿ..."

"ಗೊತ್ತಿದ್ರ ಚಪ್ಪಲ್ಲು ಒಳಗ ಇಡಸ್ತಿದ್ರೇನು?" ಎಂದುಬಿಟ್ಟೆ.

ಅವಳು ಪಕ್ಕಕ್ಕೆ ಸರಿದಳು.

ಒಳಗೆ ಮಂಚದ ಮೇಲೆ ಮಾನ್ವಿ ಕೂತಿದ್ದ, ಎದುರಿನ ಕುರ್ಚಿಯಲ್ಲಿ ದುರ್ಗ. ದುರ್ಗ ನನ್ನನ್ನು ಕಂಡು ಅರ್ಧ ಎದ್ದು ಹಾಗೇ ನಿಂತ. ಮಾನ್ವಿಯ ಮುಖ ಮಾತ್ರ ಅರಳಿತು.

"ಏ ಗಿಲ್ಲಿ! ಬಾರಲೇ, ಬಾ. ನೋಡು ದುರ್ಗ, ಯಾರು ಬಂದಾರ!"

ಅದೇ ದನಿ, ಅದೇ ನಗೆ. ನನ್ನ ಸಿಟ್ಟು ಇನ್ನೂ ಏರಿತು. ಇಷ್ಟು ಚೆನ್ನಾಗಿದ್ದುಕೊಂಡು ನನ್ನನ್ನು ತಪ್ಪಿಸುತ್ತಿದ್ದಾರಲ್ಲ ಎಂದು.

"ಏನ್ ನಡಿಸೀರಿಬ್ಬರೂ?" ಎಂದೆ. "ನನ್ನ ಬಿಟ್ಟು ವಾರಾ ವಾರಾ ಇಲ್ಲೇನದ ನಿಮಗ? ಮೊಣಕಾಲು ನೋವಂತ, ಹೊಲಕ್ಕ ಹೋಗಿದ್ನಂತ! ತೀನ್ ಕಂದೀಲ್ದಾಗ ನಾ ಕಣ್ಣಾರೆ ನೋಡೀನಿ. ನಾ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳ್ರಿ."

ದುರ್ಗ, "ಗಿಲ್ಲಿ, ಹೊರಗ ಬಾ, ಹೇಳ್ತೀನಿ," ಎಂದು ನನ್ನ ತೋಳು ಹಿಡಿದ. ಕೊಸರಿಕೊಂಡೆ. ಮಾನ್ವಿ ನಮ್ಮಿಬ್ಬರನ್ನೂ ನೋಡಿದ. ನಮ್ಮ ಜಗಳ ಅವನಿಗೆ ತಲುಪಿದಂತೆ ಕಾಣಲಿಲ್ಲ. ನನ್ನ ಹಿಂದೆ ಬಾಗಿಲ ಕಡೆ ಇಣುಕಿ ಕೇಳಿದ:

"ಒಬ್ಬನ ಬಂದೀಯೇನು? ಮನಿಯವರನ್ನ ಕರಕೊಂಡು ಬರಬೇಕಿಲ್ಲೋ? ಆರಾಮ ಅದಾರಿಲ್ಲೋ ಅವರು?"

ದುರ್ಗ ಕಣ್ಣು ಮುಚ್ಚಿಕೊಂಡ. ನಾನು ಮಾನ್ವಿಯ ಮುಖವನ್ನು ಮೊದಲ ಸಲವೆಂಬಂತೆ ನೋಡಿದೆ. ಕಣ್ಣಿನಲ್ಲಿ ಆ ಸಣ್ಣ ಕಾಯುವಿಕೆ. ತಾನು ಕೇಳಿದ್ದು ಸರಿಯೋ ತಪ್ಪೋ ಎಂದು ಎದುರಿನವರ ಮುಖದಲ್ಲಿ ಹುಡುಕುವ ನೋಟ. ಆ ನೋಟದ ಎದುರು ನಾನು ವರ್ಷಗಟ್ಟಲೆ ಕೂತಿದ್ದವನು. ಬೇರೆ ಯಾರೂ ಹೇಳಿ ತಿಳಿಸಬೇಕಾದದ್ದೇನೂ ಉಳಿದಿರಲಿಲ್ಲ.

"ಆರಾಮ ಅದಾಳ," ಎಂದೆ. "ಬಿಸಿಲು ಭಾಳ ಅಂತ ಬರಲಿಲ್ಲ. ನಿನ್ನ ಕೇಳ್ಯಾಳ."

"ಸಲಾಂ ಹೇಳು," ಎಂದ. ನಿರಾಳವಾಗಿ ದಿಂಬಿಗೆ ಒರಗಿದ.

ಭಾಬಿ ಅಡುಗೆಮನೆಗೆ ಹೋದಳು. ಅಳುತ್ತಿದ್ದಾಳೆಂದು ಪಾತ್ರೆಗಳ ಸದ್ದಿನಿಂದಲೇ ಗೊತ್ತಾಯಿತು.

ಆಮೇಲೆ ಅಂಗಳದ ಬೇವಿನ ಮರದ ಕೆಳಗೆ ದುರ್ಗ ಎಲ್ಲ ಹೇಳಿದ. ಯುಗಾದಿಗೆ ಮುಂಚೆಯೇ ಶುರುವಾಗಿತ್ತಂತೆ. ಅಂಗಡಿಯಿಂದ ಮನೆಗೆ ಬರುವ ದಾರಿ ತಪ್ಪಿ ಒಂದು ದಿನ ಮಾನ್ವಿ ಊರಾಚೆ ಹೋಗಿ ಕೂತಿದ್ದ. ರಾಯಚೂರಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದಾಗ ಅವನಿಗೆ ಪೂರ್ತಿ ತಿಳಿವಿತ್ತು. ಡಾಕ್ಟರ ಕೋಣೆಯಿಂದ ಹೊರಗೆ ಬಂದವನೇ ಮೊದಲು ಆಡಿದ ಮಾತು ನನ್ನ ಬಗ್ಗೆ.

"'ಗಿಲ್ಲಿಗೆ ಹೇಳಬ್ಯಾಡಲೇ' ಅಂದ," ಎಂದ ದುರ್ಗ. "'ಅವ ಒಮ್ಮೆ ನೋಡ್ಯಾನ ಇದನ್ನ. ಮತ್ತ ತೋರಿಸಬ್ಯಾಡ' ಅಂತ ನನ್ನ ಕೈ ಹಿಡಕೊಂಡು ಆಣಿ ಹಾಕಿಸಿಕೊಂಡ. ನಾ ಏನ್ ಮಾಡ್ಲಿ?"

"ಫೋನಿನ್ಯಾಗ ನೀನ ಪಿಸುಗುಡ್ತಿದ್ದಿ."

"ಮತ್ಯಾರು? ಚೈತ್ರದಾಗ ಒಂದಿನ ನನ್ನ ಕೇಳಿದ, ಗಿಲ್ಲಿ ಮನಿಯವರು ಹ್ಯಾಂಗದಾರ ಅಂತ. ನನಗ ಎದಿ ಧಸಕ್ ಅಂತು. ನಾಳೆ ನಿನಗ ಫೋನ್ ಮಾಡಿ ನಿನ್ನನ್ನ ಕೇಳಿಬಿಟ್ರ? ಅದಕ್ಕ ಅವ ನಿನ್ನ ಕೂಡ ಮಾತಾಡೋದು ನಾನಿದ್ದಾಗ ಮಾತ್ರ ಅಂತ ಮಾಡಿದೆ. ಕೇಳೂಹಂಗಾದ್ರ ಫೋನ್ ಕಸಗೊಳ್ಳಾಕ ಕೈ ಮುಂದ ಇಟ್ಟಕೊಂಡೇ ಕೂಡ್ತಿದ್ದೆ."

ನಾನು ಬೇವಿನ ಕಾಂಡಕ್ಕೆ ಕೈಕೊಟ್ಟು ನಿಂತೆ. ತಿಂಗಳುಗಟ್ಟಲೆ ನನ್ನ ವಿರುದ್ಧವೆಂದು ನಾನು ಅಳೆದು ಸುರಿದ ಪಿಸುಮಾತು ನನಗೆ ಪೆಟ್ಟು ಬೀಳದಂತೆ ಅಡ್ಡ ಹಿಡಿದ ಕೈಯಾಗಿತ್ತು. ಆದರೂ ಸಮಾಧಾನವಾಯಿತೆಂದು ಹೇಳಲಾರೆ. ಸಿಟ್ಟು ಬಂದದ್ದೇ ನಿಜ.

"ಮೂರ್ಖರಿದ್ದೀರಿಬ್ಬರೂ," ಎಂದೆ. "ಇದರಾಗ ಏನ್ ಮಾಡಬೇಕು ಅಂತ ಗೊತ್ತಿದ್ದವ ನಾ ಒಬ್ಬನ. ನನ್ನನ್ನ ಹೊರಗಿಟ್ಟೀರಿ."

ಆ ಬೇಸಿಗೆ ದಾಟಿದ ಮೇಲೆ ಮಂಗಳವಾರ ಮೂವರದೂ ಆಯಿತು. ನಾನು ರಾಯಚೂರಿನಿಂದ ಹೋಗುತ್ತೇನೆ, ದುರ್ಗ ಸಿರವಾರದ ಮೇಲೆ ಬರುತ್ತಾನೆ. ನನಗೆ ಗೊತ್ತಿದ್ದದ್ದನ್ನು ಹೇಳಿಕೊಟ್ಟೆ. ಅವನನ್ನು ನೆನಪಿದೆಯಾ ಎಂದು ಕೇಳಬಾರದು, ನಾವೇ ಹೇಳಬೇಕು. ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೆ ಮೊದಲ ಸಲ ಕೇಳಿದಂತೆಯೇ ಉತ್ತರ ಕೊಡಬೇಕು. ತಪ್ಪು ತಿದ್ದಬಾರದು. ಇಲಾಖೆಯಲ್ಲಿ ಇಡೀ ಜೀವನ ತಪ್ಪು ತಿದ್ದಿದ ದುರ್ಗನಿಗೆ ಇದು ಕಷ್ಟವಾಯಿತು. ಅಸಹನೆ ಬಂದಾಗ ಅಂಗಳಕ್ಕೆ ಹೋಗಿ ಬೀಡಿ ಸೇದಿ ಬರುತ್ತಿದ್ದ. ನನಗೂ ಹಗುರವಾಗಿರಲಿಲ್ಲ. ಪ್ರತಿ ವಾರ ನನ್ನ ಹೆಂಡತಿ ಆರಾಮವಾಗಿದ್ದಾಳೆಂದು ಹೇಳಬೇಕು. ಒಮ್ಮೆ ಅವಳು ತವರಿಗೆ ಹೋಗಿರುತ್ತಾಳೆ, ಇನ್ನೊಮ್ಮೆ ಉಪ್ಪಿನಕಾಯಿ ಹಾಕುತ್ತಿರುತ್ತಾಳೆ. ಬಸ್ಸಿನಲ್ಲಿ ಮರಳುವಾಗ ಕೆಲವು ಸಲ ಮನೆಯಲ್ಲಿ ಅವಳು ದೀಪ ಹಚ್ಚಿರಬಹುದು ಎಂದು ನನಗೇ ಅನ್ನಿಸಿ ಬೆಚ್ಚುತ್ತಿದ್ದೆ. ಈಗ ಅನುಮಾನ ನನ್ನ ಮೇಲೇ ತಿರುಗಿದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಮರಳಿ ಹೋಗಿ ನೋಡಿದರೆ, ಇದು ಎಲ್ಲರಿಗೂ ಇರುವ ಮರೆವೋ ಆ ಮರೆವೋ ಎಂದು ಅರ್ಧ ದಿನ ಯೋಚಿಸುತ್ತೇನೆ.

ದೀಪಾವಳಿಯ ನಂತರ ಒಂದು ಮಂಗಳವಾರ ಮಾನ್ವಿ ದುರ್ಗನನ್ನು ಗುರುತಿಸಲಿಲ್ಲ. ಅಂಗಡಿಗೆ ಬಂದ ಗಿರಾಕಿಯೆಂದು ತಿಳಿದು, ಮಂಚದ ಮೇಲೇ ನೆಟ್ಟಗೆ ಕೂತು ಕೇಳಿದ:

"ಬರ್ರಿ ಸಾಹುಕಾರ್ರ. ಏನು ತೋರಸಲಿ? ಅಂಗೀದೋ, ಪ್ಯಾಂಟಿಂದೋ?"

ದುರ್ಗ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

"ಅಂಗೀದು ಕೊಡ್ರಿ," ಎಂದ ದುರ್ಗ. "ಬಿಳೀದು. ಬಣ್ಣ ಹೋಗಬಾರದು ನೋಡ್ರಿ."

"ಬಿಳಿ ಬಟ್ಟಿ ಬಣ್ಣ ಎಲ್ಲಿ ಹೋಗತೈತ್ರಿ?" ಎಂದು ಮಾನ್ವಿ ಗಟ್ಟಿಯಾಗಿ ನಕ್ಕ. ಅವನು ಅಷ್ಟು ನಕ್ಕು ಎಷ್ಟೋ ವಾರವಾಗಿತ್ತು. ಹಾಸಿಗೆಯ ಮೇಲಿನ ಚಾದರವನ್ನು ಎಳೆದು, ಬೆರಳ ತುದಿಯಿಂದ ಮೊಣಕೈಗೆ, ಮೊಣಕೈಯಿಂದ ಬೆರಳ ತುದಿಗೆ ಅಳೆದ. ಕೈ ಎಲ್ಲೂ ತಡವರಿಸಲಿಲ್ಲ. ಮಡಚಿ, ಅಂಗೈಯಿಂದ ಒತ್ತಿ, ದುರ್ಗನ ಕೈಗೆ ಕೊಟ್ಟ. ಭಾಬಿ ಬೇಡವೆಂದರೂ ಕೇಳದೆ ದುರ್ಗ ಅದನ್ನು ಬಗಲಲ್ಲಿ ಇಟ್ಟುಕೊಂಡೇ ದೇವದುರ್ಗದ ದಾರಿ ಹಿಡಿದ.

ಅದಾದ ಮುಂದಿನ ವಾರ ದುರ್ಗ ಬರಲಿಲ್ಲ. ಫೋನಿನಲ್ಲಿ, "ಮನ್ಯಾಗ ಕೆಲಸ ಅದಪಾ, ಈ ವಾರ ಆಗಂಗಿಲ್ಲ," ಎಂದ.

"ಏನ್ ಕೆಲಸ?"

"ಏನಿಲ್ಲ ಬಿಡು, ಸಣ್ಣದು."

ಆ "ಏನಿಲ್ಲ ಬಿಡು" ನನಗೆ ಹಿಡಿಸಲಿಲ್ಲ. ಹಿಂದಿನ ವಾರ ಅವನು ಎರಡು ಸಲ ಎದೆ ಒತ್ತಿಕೊಂಡಿದ್ದನ್ನು ನೋಡಿದ್ದೆನೋ, ಇಲ್ಲ ಈಗ ಕಲ್ಪಿಸಿಕೊಳ್ಳುತ್ತಿದ್ದೇನೋ? ಇವರ ಮಾತನ್ನು ಇನ್ನೊಮ್ಮೆ ನಂಬಿ ಮನೆಯಲ್ಲಿ ಕೂರುವ ಮನುಷ್ಯ ನಾನಲ್ಲ. ಮರುದಿನ ಬೆಳಗ್ಗೆ ದೇವದುರ್ಗದ ಮೊದಲ ಬಸ್ಸು ಹತ್ತಿ, ಇಳಿದವನೇ ನೆಟ್ಟಗೆ ಅವನ ಮನೆಯ ಮುಂದೆ ಹೋಗಿ ನಿಂತೆ.

ಮನೆಯ ಸಾಮಾನೆಲ್ಲ ಅಂಗಳದಲ್ಲಿತ್ತು. ಚಪ್ಪಲಿ ಬಿಡದೆ ಒಳಗೆ ನುಗ್ಗಹೊರಟೆ. ಅಷ್ಟರಲ್ಲಿ ಒಳಗಿನಿಂದ ದುರ್ಗನ ಬೈಗುಳ ಕೇಳಿಸಿತು. ಅವನು ಪಂಚೆ ಎತ್ತಿ ಕಟ್ಟಿ, ತಲೆಯಿಂದ ಕಾಲಿನವರೆಗೂ ಸುಣ್ಣ ಸಿಡಿಸಿಕೊಂಡು, ಏಣಿಯ ಮೇಲಿದ್ದ ಸುಣ್ಣ ಬಳಿಯುವವನ ಜೊತೆ ಮೂಲೆ ಬಿಟ್ಟುಹೋಗಿದೆ ಎಂದು ಜಗಳವಾಡುತ್ತಿದ್ದ. ನನ್ನನ್ನು ಕಂಡು ಬಾಯಿ ತೆರೆದು ನಿಂತ.

"ಯಾಕ್ಲೇ, ಏನಾತು? ಮಾನ್ವಿ ಆರಾಮ ಅದಾನಿಲ್ಲೋ?"

"ಅದಾನ. ನಿನ್ನ ನೋಡಾಕ ಬಂದೆ."

"ನನ್ನ? ನನಗೇನಾಗ್ಯದ?"

"ನೀ ಹೇಳಂಗಿಲ್ಲಲ್ಲ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಸುಣ್ಣದ ಕೈಯಿಂದಲೇ ಹಣೆ ಚಚ್ಚಿಕೊಂಡ.

"ಸಂಶಯ ಪಿಶಾಚಿ ಇದ್ದೀ ನೋಡು ನೀ! ಮಗಳು ಬರಾಕತ್ಯಾಳ, ಮನಿ ಸಾರಸಾಕತ್ತೀನಿ. ಇಷ್ಟ."

ನಾನು ನಂಬಲಿಲ್ಲ. ಅವನ ಹೆಂಡತಿಯನ್ನು ಕರೆದು ಕೇಳಿದೆ. ಆಕೆ ಹೌದೆಂದಳು. ಏಣಿಯ ಮೇಲಿನವನೂ ಕೇಳದೆಯೇ ಹೌದೆಂದ. ಆಗ ನಾನು ಅಂಗಳದಲ್ಲಿ ಹರಡಿದ್ದ ಸಾಮಾನಿನ ನಡುವೆ ಒಂದು ಕುರ್ಚಿ ಹುಡುಕಿ, ಮೇಲಿದ್ದ ಹಾಸಿಗೆಯ ಸುರುಳಿ ಇಳಿಸಿ ಕೂತೆ. ದುರ್ಗ ಒಳಕ್ಕೆ ಕೂಗಿ ಎರಡು ಕಪ್ ಚಹಾ ಹೇಳಿದ.